ಕಿಡಿಯ ಹಿಂದಿನ ಡಬ್ಬಿ

ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದಲ್ಲಿ, ಮಂಜೂಷಾ ವಸ್ತುಸಂಗ್ರಹಾಲಯದ ಹಳೆಯ ಕಾರುಗಳ ಮುಂದೆ ನಿಂತವರ ಕಣ್ಣು ಮೊದಲು ಹೋಗುವುದು ಬಣ್ಣಕ್ಕೆ, ದೊಡ್ಡ ದೀಪಗಳಿಗೆ. ಆದರೆ ಪೆಟ್ರೋಲ್ ಕಾರಿಗೆ ಜೀವ ಕೊಡುವುದು ಬಾನೆಟ್ಟಿನಡಿಯ ಇಗ್ನಿಷನ್ ಕಾಯಿಲ್. ಅದರ ಮೇಲೆ ಇನ್ನಷ್ಟು ಪ್ರೀತಿ ಸಲ್ಲಬೇಕು.

ಕಬ್ಬಿಣದ ತಿರುಳಿನ ಸುತ್ತ ಎರಡು ತಂತಿಸುತ್ತುಗಳು: ಒಂದು ದಪ್ಪ, ಕೆಲವೇ ನೂರು ಸುತ್ತು, ಇನ್ನೊಂದು ಕೂದಲೆಳೆಯಂಥದ್ದು, ಸಾವಿರಾರು ಸುತ್ತು. ಡಿಸ್ಟ್ರಿಬ್ಯೂಟರಿನೊಳಗಿನ ಸಿಬಿ (ಕಾಂಟ್ಯಾಕ್ಟ್ ಬ್ರೇಕರ್) ಪಾಯಿಂಟ್ ತೆರೆದ ಕ್ಷಣ ಕಾಂತಕ್ಷೇತ್ರ ಕುಸಿದು, 12 ವೋಲ್ಟಿನ ಬ್ಯಾಟರಿಯಿಂದ ಪ್ಲಗ್ಗಿಗೆ ಹತ್ತಾರು ಸಾವಿರ ವೋಲ್ಟ್ ಹಾರುತ್ತದೆ. ಕಾಯಿಲ್ಲಿನೊಳಗೆ ಚಲಿಸುವ ಭಾಗವೇ ಇಲ್ಲದೆ ಇಷ್ಟು ಕೆಲಸ!

ಕಾಯಿಲ್ ಆಯ್ಕೆಯಲ್ಲಿ ಅಳತೆ ಮುಖ್ಯ. ಕರೆಂಟ್ ತಗ್ಗಿಸುವ ಬ್ಯಾಲಾಸ್ಟ್ ರೆಸಿಸ್ಟರ್ ಇಲ್ಲದ 12 ವೋಲ್ಟ್ ಕಾರಿಗೆ ಸುಮಾರು 3 ಓಮ್ ಕಾಯಿಲ್ ಬೇಕು. ಬ್ಯಾಲಾಸ್ಟ್ ಜೊತೆಗಿರಬೇಕಾದ 1.5 ಓಮ್ ಕಾಯಿಲನ್ನು ನೇರ ಜೋಡಿಸಿದರೆ ಅದು ಬಿಸಿಯೇರುತ್ತದೆ, ಪಾಯಿಂಟ್ ಸುಡುತ್ತದೆ.

ಜೋಡಣೆಯಲ್ಲೂ ಸೂಕ್ಷ್ಮವಿದೆ. ಬ್ರಿಟನ್ನಿನ ಹಲವು ಹಳೆಯ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ಬದಿಯೇ ಅರ್ಥ್, ಅಂದರೆ ಕಾರಿನ ಮೈಗೆ ಜೋಡಣೆ. ಲ್ಯೂಕಾಸ್ ಕಂಪನಿಯ ಹಳೆಯ ಕಾಯಿಲ್‌ಗಳಲ್ಲಿ ‘ಎಸ್‌ಡಬ್ಲ್ಯೂ’ ತುದಿ ಸ್ವಿಚ್ಚಿಗೆ, ‘ಸಿಬಿ’ ಡಿಸ್ಟ್ರಿಬ್ಯೂಟರಿಗೆ. ಕಾರನ್ನು ಮೈನಸ್ ಅರ್ಥ್‌ಗೆ ಬದಲಿಸಿದಾಗ ಈ ಎರಡು ತಂತಿಗಳನ್ನೂ ಅದಲುಬದಲು ಮಾಡಬೇಕು. ಮಾಡದಿದ್ದರೂ ಎಂಜಿನ್ ಓಡುತ್ತದೆ. ಹಾಗಾಗಿಯೇ ತಪ್ಪು ಕಣ್ಣಿಗೆ ಬೀಳದು. ಪ್ಲಗ್ಗಿನ ಬಿಸಿಯಾದ ನಡುಕಡ್ಡಿ ಮೈನಸ್ ಆಗಿದ್ದರೆ ಕಿಡಿ ಸುಲಭವಾಗಿ ಹಾರುತ್ತದೆ, ತಿರುಗುಮುರುಗಾದರೆ ಹೆಚ್ಚು ವೋಲ್ಟ್ ಬೇಕು. ಚಾರ್ಮಾಡಿ ಘಾಟಿ ಹತ್ತುವಾಗ, ಮಳೆಗಾಲದ ತೇವ ಹೈಟೆನ್ಷನ್ ವೈರಿಗೆ ಹತ್ತಿದಾಗ, ಮಿಸ್‌ಫೈರ್ ಆಗಿ ಆ ಕೊರತೆ ಕೇಳಿಸಬಹುದು.