ಕಾರ್ಡಿನ ಹಿಮ್ಮೇಳ

ಕೈಯಲ್ಲಿ ಮಾಡಿದ ಶುಭಾಶಯ ಕಾರ್ಡನ್ನು ಯಾರೂ ವಿಮರ್ಶೆ ಮಾಡುವುದಿಲ್ಲ. ಕೊಟ್ಟವರ ಪ್ರೀತಿ ನೋಡಿ ‘ಚಂದ ಇದೆ’ ಅಂದು ಸುಮ್ಮನಾಗುತ್ತೇವೆ. ಆದರೆ ಕಾರ್ಡೂ ಒಂದು ಪುಟವೇ. ಅದರಲ್ಲೊಂದು ಮಾತಿದೆ, ಮಾತಿನ ಹಿಂದೆ ಬಣ್ಣವಿದೆ. ಎರಡಕ್ಕೂ ಏನು ಸಂಬಂಧ ಎಂಬುದು ಸಾಹಿತ್ಯದ ಓದುಗರು ಕೇಳಬೇಕಾದ ಪ್ರಶ್ನೆಯೇ.

ಕುಂದಾಪುರದ ಕಡೆಯ ವಿದ್ಯಾರ್ಥಿಗಳು ಶಾಯಿ ಮತ್ತು ನೀರಿನಿಂದ ಹಿನ್ನೆಲೆ ಬರೆದ ಕೆಲವು ಕಾರ್ಡುಗಳನ್ನು ಈಚೆಗೆ ನೋಡಿದೆ. ಎರಡರ ಮೇಲೆ ಒಂದೇ ಮಾತಿತ್ತು, ಕುಂದಗನ್ನಡದಲ್ಲಿ: ‘ಮಳಿ ಬಂತ್, ಊರಿಗ್ ಬಾ’. ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ದುಡಿಯುವ ಅಣ್ಣನಿಗೆ, ಅಕ್ಕನಿಗೆ ಹೋಗುವ ಕಾರ್ಡು. ಓದಿದವರು ಬರಬೇಕು, ಬರಲಾಗದಿದ್ದರೆ ಹೊಟ್ಟೆಯಲ್ಲಿ ಸಂಕಟವಾದರೂ ಆಗಬೇಕು. ಅಷ್ಟು ಕೆಲಸ ಆ ಮಾತಿಗಿದೆ.

ಮೊದಲನೆಯದರಲ್ಲಿ ಮರವಂತೆಯ ಸೂರ್ಯಾಸ್ತ. ಕಿತ್ತಳೆ, ಗುಲಾಬಿ, ನೇರಳೆ ಶಾಯಿಗಳು ಒಂದರೊಳಗೊಂದು ಹರಿದಿವೆ. ಕೆಲಸ ಅಚ್ಚುಕಟ್ಟಾಗಿದೆ. ಆದರೆ ಇದೇ ಬಣ್ಣದ ಮೇಲೆ ಹುಟ್ಟುಹಬ್ಬದ ಶುಭಾಶಯವನ್ನೂ ಬರೆಯಬಹುದು, ಮದುವೆಯ ಕರೆಯನ್ನೂ ಬರೆಯಬಹುದು. ಮಳೆಯ ಮಾತು ಅಲ್ಲಿ ಬಾಡಿಗೆಗಿದೆ.

ಎರಡನೆಯದರಲ್ಲಿ ಕಪ್ಪು ಶಾಯಿ ಮಾತ್ರ. ಕಾಗದದ ಮೇಲರ್ಧವನ್ನು ಒದ್ದೆ ಮಾಡಿ ಶಾಯಿ ಬಿಟ್ಟಿದ್ದಾರೆ. ಪೆನ್ನಿನ ಕಪ್ಪು ಶಾಯಿಯಲ್ಲಿ ಹಲವು ಸಲ ಬೇರೆ ಬಣ್ಣಗಳು ಬೆರೆತಿರುತ್ತವೆ. ನೀರು ತಾಗಿದರೆ ಅವು ಬೇರೆಬೇರೆ ವೇಗದಲ್ಲಿ ಹರಿದು ಬಿಡಿಯಾಗುತ್ತವೆ. ಇಲ್ಲೂ ಕಪ್ಪಿನಂಚಿನಲ್ಲಿ ಮಂಕು ನೀಲಿ ಹೊರಟಿದೆ. ‘ಮಳಿ ಬಂತ್’ ಎಂಬುದು ಆ ಒದ್ದೆಯಲ್ಲೇ ಇದೆ; ಅಕ್ಷರ ಹರಡಿದರೂ ಓದಲು ಬರುತ್ತದೆ. ‘ಊರಿಗ್ ಬಾ’ ಮಾತ್ರ ಕೆಳಗೆ, ಒಣ ಬಿಳಿಯಲ್ಲಿ, ಸ್ಪಷ್ಟವಾಗಿ. ಸುದ್ದಿ ನೆನೆದಿದೆ, ಕರೆ ನೆನೆದಿಲ್ಲ.

ಇಂಥದ್ದನ್ನು ‘ನೀರು ತಾನೇ ಮಾಡಿದ್ದು’ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒದ್ದೆ ಗುರುತು ಒಣಗುವಾಗ ಅಂಚಿನಲ್ಲಿ ನೀರು ಬೇಗ ಆರುತ್ತದೆ, ಒಳಗಿನ ನೀರು ಬಣ್ಣ ಹೊತ್ತು ಅತ್ತ ಹರಿಯುತ್ತದೆ, ಗೆರೆ ಕಟ್ಟುತ್ತದೆ. ಚೆಲ್ಲಿದ ಕಾಫಿಯ ಕಲೆಗೂ ಅಂಚು ಕಪ್ಪಾಗುವುದು ಹೀಗೆಯೇ ಎಂದು ವಿಜ್ಞಾನಿಗಳು 1997ರಲ್ಲಿ ವಿವರಿಸಿದರು. ಅರ್ಧ ಆರಿದ ಶಾಯಿಗೆ ಮತ್ತೆ ಹನಿ ಬಿದ್ದರೆ ಹೂಕೋಸಿನಂಥ ಕಲೆ ಏಳುತ್ತದೆ. ಕರಾವಳಿಯ ಮಳೆಗಾಲದಲ್ಲಿ ಕಾಗದ ಆರುವುದೂ ನಿಧಾನ; ಬೇರೆ ಊರಿನವರು ಹೇಳಿಕೊಟ್ಟ ನಿಮಿಷಗಳ ಲೆಕ್ಕ ನಡೆಯುವುದಿಲ್ಲ. ಕಾಗದದ ಹೊಳಪು ಅಡಗುವ ಗಳಿಗೆಯನ್ನು ಕಣ್ಣೇ ಹಿಡಿಯಬೇಕು. ಎರಡನೆಯ ಕಾರ್ಡಿನವರು ಕಾದು ಬರೆದಿದ್ದಾರೆ. ಕಾಗದ ತೆಳುವಾಗಿ ಸೊಟ್ಟಗಾದದ್ದು ಅದರ ಕೊರತೆ. ದಪ್ಪ ಹತ್ತಿಯ ಕಾಗದ ಬೇಕಿತ್ತು.

ಹಿನ್ನೆಲೆ ಎಂಬ ಪದವೇ ನಮ್ಮ ದಾರಿ ತಪ್ಪಿಸುತ್ತದೆ ಅನಿಸುತ್ತದೆ. ಬ್ರಹ್ಮಾವರದ ಹಾರಾಡಿ, ಮಟಪಾಡಿಗಳ ಹೆಸರಿನ ತಿಟ್ಟುಗಳಿರುವ ಈ ನೆಲದಲ್ಲಿ ಅದಕ್ಕಿಂತ ಒಳ್ಳೆಯ ಪದವಿದೆ: ಹಿಮ್ಮೇಳ. ಬಡಗುತಿಟ್ಟಿನ ಭಾಗವತರು ಕೂರುವುದು ವೇಷಗಳ ಹಿಂದೆ. ಆದರೆ ವೇಷ ಕುಣಿಯುವುದು ಅವರ ಪದಕ್ಕೆ, ಅರ್ಥ ಹೇಳುವುದು ಆ ಪದದ ಮೇಲೆ. ಹಿಮ್ಮೇಳ ನಿಂತರೆ ಆಟವೂ ನಿಂತಿತು.

ಕೋಟದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ (1941) ಕಾದಂಬರಿಯ ಕಡಲೂ ಮಳೆಯೂ ಇಂಥ ಹಿಮ್ಮೇಳವೇ. ಅವುಗಳನ್ನು ತೆಗೆದರೆ ಆ ಹೆಂಗಸರ ದುಡಿಮೆಗೆ, ಆ ಮನೆಯ ಬಡತನಕ್ಕೆ ನೆಲೆಯೇ ಇರುವುದಿಲ್ಲ. ನಮ್ಮ ಎಷ್ಟೋ ಹೊಸ ಕತೆಗಳ ಮೊದಲ ಪ್ಯಾರಾದ ಸೂರ್ಯಾಸ್ತವನ್ನು ಮಾತ್ರ ಧಾರಾಳವಾಗಿ ತೆಗೆಯಬಹುದು. ಕತೆಗೆ ಗೊತ್ತೂ ಆಗುವುದಿಲ್ಲ. ಕತೆ ಬರೆಯುವ ಗೆಳೆಯರು ಒಮ್ಮೆ ತೆಗೆದು ನೋಡಲಿ. ಕಾರ್ಡು ಮಾಡುವವರು ಶಾಯಿಯ ಬಾಟಲಿ ತೆರೆಯುವ ಮೊದಲು ಬರೆಯಬೇಕಾದ ಮಾತನ್ನು ಗಟ್ಟಿಯಾಗಿ ಹೇಳಿಕೊಳ್ಳಲಿ.