ರೀಬೂಟ್ ಅಂದರೆ ಯಾಕಿಷ್ಟು ಭಯ?

ಸರ್ವರ್ ಆಫ್ ಆಗದೆ ಇಷ್ಟು ದಿನ ಓಡಿದೆ ಅಂತ ಸ್ಕ್ರೀನ್‌ಶಾಟ್ ಹಾಕಿ ಬೀಗೋರನ್ನು ನೀವೂ ನೋಡಿರ್ತೀರಿ. ನನಗಂತೂ ಆ ಅಂಕಿ ಕಂಡರೆ ಮೆಚ್ಚುಗೆಗಿಂತ ಅನುಮಾನವೇ ಜಾಸ್ತಿ. ಒಂದೋ ಅದರ ಕರ್ನಲ್‌ನಲ್ಲಿ ಭದ್ರತೆಯ ತೂತುಗಳು ಹಾಗೇ ಉಳಿದಿವೆ, ಇಲ್ಲವೇ ಅದು ಲೈವ್ ಪ್ಯಾಚ್ ನಂಬಿ ಬದುಕಿದೆ. ಮೊದಲನೆಯದು ಬರೀ ಸೋಮಾರಿತನ. ನನ್ನ ತಕರಾರು ಎರಡನೆಯದರ ಬಗ್ಗೆ.

ತಂತ್ರಜ್ಞಾನದ ಮೇಲೆ ನನಗೆ ಸಿಟ್ಟಿಲ್ಲ. ಅದು ಮಾಡೋದಿಷ್ಟೇ: ದೋಷ ಇರುವ ಫಂಕ್ಷನ್‌ನ ಸರಿಪಡಿಸಿದ ಪ್ರತಿಯನ್ನು ಮೆಮೊರಿಗೆ ತಂದು, ಹಳೆಯದರ ಬಾಗಿಲಲ್ಲೇ ‘ಆ ಕಡೆ ಹೋಗಿ’ ಅಂತ ಬೋರ್ಡು ಹಾಕುವುದು. ಎಂಐಟಿಯ ಜೆಫ್ ಅರ್ನಾಲ್ಡ್ ಮತ್ತು ಫ್ರಾನ್ಸ್ ಕಾಶೂಕ್ ತಮ್ಮ ‘ಕೆಸ್ಪ್ಲೈಸ್’ ಬಗ್ಗೆ 2009ರಲ್ಲಿ ಪ್ರಬಂಧ ಮಂಡಿಸಿದರು. ಮೂರು ವರ್ಷಗಳಲ್ಲಿ ಬಂದಿದ್ದ 64 ಭದ್ರತಾ ಪ್ಯಾಚ್‌ಗಳ ಪೈಕಿ 56ನ್ನು ಒಂದು ಸಾಲೂ ಹೊಸ ಕೋಡ್ ಬರೆಯದೆ ಓಡುವ ಕರ್ನಲ್‌ಗೆ ಹಚ್ಚಬಹುದು ಅಂತ ತೋರಿಸಿದರು. 2015ರಲ್ಲಿ ಲಿನಕ್ಸ್ 4.0 ಈ ಸೌಲಭ್ಯದ ಬುನಾದಿಯನ್ನು ತನ್ನೊಳಗೇ ಸೇರಿಸಿಕೊಂಡಿತು. ನಿಜಕ್ಕೂ ದೊಡ್ಡ ಸಾಧನೆ.

ಆದರೆ ಉಳಿದ 8ಕ್ಕೆ ಮನುಷ್ಯರು ಕೂತು ಕೋಡ್ ಬರೆಯಬೇಕಾಯಿತು. ಫಂಕ್ಷನ್ ಬದಲಿಸೋದು ಸುಲಭ. ಈಗಾಗಲೇ ಮೆಮೊರಿಯಲ್ಲಿ ಕೂತಿರುವ ಡೇಟಾದ ಆಕಾರ ಬದಲಿಸೋದು ಕಷ್ಟ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಬಂದಾಗ ಉಬುಂಟುವಿನ ಲೈವ್ ಪ್ಯಾಚ್ ನೆಚ್ಚಿಕೊಂಡಿದ್ದವರೂ ರೀಬೂಟ್ ಮಾಡಲೇಬೇಕಾಯಿತು. ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ?

ನನ್ನ ಪ್ರಶ್ನೆ ಇರೋದೇ ಇಲ್ಲಿ. ‘ಇನ್ನು ರೀಬೂಟ್ ಬೇಡ’ ಅಂತ ಮಾರುವಾಗ, ರೀಬೂಟ್ ಅನ್ನೋದು ಒಂದು ಪರೀಕ್ಷೆಯೂ ಹೌದು ಅನ್ನೋದನ್ನ ಯಾರೂ ಹೇಳೋದಿಲ್ಲ. ಎರಡು ವರ್ಷದಲ್ಲಿ ಯಾರೋ ಡಿಸ್ಕ್ ಸೇರಿಸಿರ್ತಾರೆ, ಯಾರೋ ಕಾನ್ಫಿಗ್ ಫೈಲ್ ತಿದ್ದಿರ್ತಾರೆ, ಯಾರೋ ಒಂದು ಸರ್ವಿಸನ್ನು ಕೈಯಾರೆ ಶುರು ಮಾಡಿ ಮರೆತಿರ್ತಾರೆ. ಇವೆಲ್ಲ ಹೊರಗೆ ಬೀಳೋದು ಮಷೀನ್ ಮತ್ತೆ ಏಳುವಾಗ ಮಾತ್ರ. ನೀವು ಮುಂದೂಡುತ್ತಾ ಹೋದರೆ, ಕರೆಂಟು ಕೈಕೊಟ್ಟ ಯಾವುದೋ ರಾತ್ರಿ ಅದು ತಾನಾಗಿಯೇ ರೀಬೂಟ್ ಆಗುತ್ತದೆ. ಲೈವ್ ಪ್ಯಾಚ್ ಬದಲಿಸಿದ್ದು ಮೆಮೊರಿಯಲ್ಲಿದ್ದ ಕರ್ನಲ್ಲನ್ನು. ಬೂಟ್ ಆಗುವಾಗ ಅದನ್ನು ಮತ್ತೆ ಹಚ್ಚುವ ವ್ಯವಸ್ಥೆ ಮಾಡಿರದಿದ್ದರೆ ಡಿಸ್ಕ್‌ನಿಂದ ಏಳೋದು ಹಳೇ ತೂತಿನ ಕರ್ನಲ್ಲೇ. ಆಗ ಆನ್‌ಕಾಲ್‌ನಲ್ಲಿರೋದು ಸ್ಲೈಡ್ ತೋರಿಸಿದ ಮ್ಯಾನೇಜರ್ ಅಲ್ಲ, ಕೆಲಸಕ್ಕೆ ಸೇರಿ ಆರು ತಿಂಗಳಾದ ಹುಡುಗಿ.

ಲೈವ್ ಪ್ಯಾಚ್ ಬೇಡ ಅಂತ ನಾನು ಹೇಳ್ತಿಲ್ಲ. ಬೆಳಿಗ್ಗೆ ತೂತು ಬಯಲಾದರೆ ಮಧ್ಯಾಹ್ನವೇ ತೇಪೆ ಹಾಕಿ, ಭಾನುವಾರ ಆರಾಮಾಗಿ ರೀಬೂಟ್ ಮಾಡೋದಕ್ಕೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಅದು ಕೊಡೋದು ಸಮಯ, ವಿನಾಯಿತಿ ಅಲ್ಲ. ರೆಡ್ ಹ್ಯಾಟ್, ಸೂಸೆಯಂಥ ಕಂಪನಿಗಳೂ ಒಂದು ಕರ್ನಲ್‌ಗೆ ಇಂತಿಷ್ಟು ಕಾಲ ಅಂತ ಮಾತ್ರ ಲೈವ್ ಪ್ಯಾಚ್ ಕೊಡುತ್ತವೆ.

ಮುಂದಿನ ಸಲ ನಿಮ್ಮ ಟೀಮಿನಲ್ಲಿ ಯಾರಾದರೂ ಆ ದಿನಗಳ ಲೆಕ್ಕ ಹೇಳಿಕೊಂಡು ಬೀಗಿದರೆ ಒಂದೇ ಮಾತು ಕೇಳಿ: ಇದನ್ನು ಕೊನೆಯ ಸಲ ರೀಬೂಟ್ ಮಾಡಿದವರು ಇನ್ನೂ ಕಂಪನಿಯಲ್ಲಿದ್ದಾರಾ?