ದಪ್ಪ ಶಿಖರಗಳ ಸೊಗಸು: ಕ್ಯಾಟಲಿಸ್ಟ್ ನಕ್ಷೆ ನೋಡುವ ರಸಿಕರಿಗೊಂದು ಕೈಪಿಡಿ

ಔಷಧದ ಹರಳುಗಳ ಎಕ್ಸ್‌ಆರ್‌ಡಿ ನಕ್ಷೆ ನೋಡಿ ಪಳಗಿದ ಕಣ್ಣು ಕ್ಯಾಟಲಿಸ್ಟ್‌ನ ನಕ್ಷೆ ಕಂಡರೆ ಮೊದಲು ಮುಖ ಸಿಂಡರಿಸುತ್ತದೆ. ಬೀದರ್, ಕಲಬುರಗಿ ಕಡೆಯಿಂದ ಬಂದು ಹೈದರಾಬಾದಿನ ಜೀಡಿಮೆಟ್ಲಾದ ಬಲ್ಕ್ ಡ್ರಗ್ ಘಟಕಗಳ ಲ್ಯಾಬ್ ಸೇರುವ ಎಂ.ಎಸ್ಸಿ. ಹುಡುಗ ಹುಡುಗಿಯರಿಗೆ ಇದು ಸಹಜ. ಔಷಧದಲ್ಲಿ ಪಾಲಿಮಾರ್ಫ್ ಗುರುತಿಸಬೇಕು. ಶಿಖರಗಳು ತೆಳ್ಳಗೆ, ಚೂಪಾಗಿ ಎದ್ದಷ್ಟೂ ಒಳ್ಳೆಯದು. ಅದೇ ಯಂತ್ರಕ್ಕೆ ಹೈಡ್ರೋಜನೀಕರಣದ ಪಲ್ಲಾಡಿಯಂ-ಕಾರ್ಬನ್ ಕೊಟ್ಟು ನೋಡಿ: ಉಬ್ಬಿದ, ಮಂಕಾದ ಗೆರೆ. ಸ್ಯಾಂಪಲ್ ಕೆಟ್ಟಿದೆ ಎಂದು ಬದಿಗಿಡಬೇಡಿ. ಹೊಸ ಕೇಳುಗ ತಾರಸ್ಥಾಯಿಗೇ ತಲೆದೂಗುವಂತೆ ಹೊಸ ನೋಡುಗ ಎತ್ತರಕ್ಕೇ ಮರುಳಾಗುತ್ತಾನೆ. ಕ್ಯಾಟಲಿಸ್ಟ್‌ನಲ್ಲಿ ನೋಡಬೇಕಾದದ್ದು ಅಗಲ.

ಹರಳಿನ ಪರಮಾಣು ಪದರಗಳಿಂದ ಚದುರಿದ ಕ್ಷ-ಕಿರಣಗಳು ಕೆಲವೇ ಕೋನಗಳಲ್ಲಿ ಒಂದನ್ನೊಂದು ಬಲಪಡಿಸುತ್ತವೆ. ಆ ಕೋನದಿಂದ ಪದರಗಳ ಅಂತರ ಸಿಗುತ್ತದೆ. ಇದು ಬ್ರಾಗ್ ತಂದೆ-ಮಗನ ಲೆಕ್ಕ, 1915ರ ನೊಬೆಲ್. ಪದರಗಳು ನೂರಾರು ಇದ್ದರೆ ಶಿಖರ ಚೂಪು, ಹತ್ತಿಪ್ಪತ್ತೇ ಇದ್ದರೆ ಹರಡುತ್ತದೆ. ಈ ಹರಡುವಿಕೆಯಿಂದ ಕಣದ ಗಾತ್ರ ಅಳೆಯುವ ಸೂತ್ರವನ್ನು ಷೆರರ್ 1918ರಲ್ಲಿ ಕೊಟ್ಟ.

ಈಗ ಪಲ್ಲಾಡಿಯಂ-ಕಾರ್ಬನ್ ನಕ್ಷೆಗೆ ಬನ್ನಿ. 25 ಡಿಗ್ರಿಯ ಸುತ್ತಮುತ್ತಲಿನ ದೊಡ್ಡ ದಿಬ್ಬ ಇದ್ದಿಲಿನದು; ಅದನ್ನು ದಾಟಿ ಮುಂದೆ ಹೋಗಿ. 40.1 ಡಿಗ್ರಿ ಬಳಿ ಪಲ್ಲಾಡಿಯಂ ಇದೆ. ಕಣಗಳು 5 ನ್ಯಾನೊಮೀಟರ್ ಇದ್ದರೆ ಅಲ್ಲಿನ ಶಿಖರದ ಅರ್ಧ ಎತ್ತರದಲ್ಲಿ ಅಗಲ ಸುಮಾರು 1.7 ಡಿಗ್ರಿ, 20ಕ್ಕೆ ಬೆಳೆದರೆ 0.4ಕ್ಕೆ ಇಳಿಯುತ್ತದೆ. (ಯಂತ್ರವೂ ತನ್ನ ಪಾಲಿನ ಅಗಲ ಸೇರಿಸುತ್ತದೆ. ಅದನ್ನು ಕಳೆಯದೆ ಗಾತ್ರ ಹೇಳುವವರನ್ನು ನಂಬಬೇಡಿ.) 5 ನ್ಯಾನೊಮೀಟರ್ ಕಣದಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪರಮಾಣು ಮೇಲ್ಮೈಯಲ್ಲಿದ್ದು ದುಡಿಯುತ್ತದೆ, 20ರ ಕಣದಲ್ಲಿ ಇಪ್ಪತ್ತರಲ್ಲೊಂದು. ಉಳಿದ ಪಲ್ಲಾಡಿಯಂ ಒಳಗೆ ಸುಮ್ಮನೆ ಕೂತಿರುತ್ತದೆ, ಅದಕ್ಕೂ ದುಡ್ಡು ಕೊಟ್ಟಿರುತ್ತೇವೆ. ಬಳಸಿದ ಕ್ಯಾಟಲಿಸ್ಟ್‌ನ ಶಿಖರ ಹೊಸದರದ್ದಕ್ಕಿಂತ ಚೆಲುವಾಗಿ ಕಂಡರೆ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗಿವೆ ಎಂದೇ ಲೆಕ್ಕ. ಬಿಸಿಗೆ ಸಿಕ್ಕ ಗಾಮಾ-ಅಲ್ಯೂಮಿನವೂ ಹೀಗೆಯೇ: ಸಾವಿರ ಡಿಗ್ರಿ ದಾಟಿ ಆಲ್ಫಾ ರೂಪಕ್ಕೆ ತಿರುಗಿದಾಗ ನಕ್ಷೆ ಕಣ್ಣಿಗೆ ಹಬ್ಬ, ಮೇಲ್ಮೈ ಮಾತ್ರ ಬಹುಪಾಲು ಹೋಗಿರುತ್ತದೆ.

ರೇನಿ ನಿಕ್ಕಲ್‌ನ ನಕ್ಷೆಯಲ್ಲಿ ಅದರ ಪೂರ್ವಕಥೆ ಹುಡುಕಿ. ನಿಕ್ಕಲ್-ಅಲ್ಯೂಮಿನಿಯಂ ಮಿಶ್ರಲೋಹದಿಂದ ಅಲ್ಯೂಮಿನಿಯಂ ಅನ್ನು ಕಾಸ್ಟಿಕ್ ಸೋಡಾದಲ್ಲಿ ಕರಗಿಸಿ ತೆಗೆದಾಗ ಉಳಿಯುವ ರಂಧ್ರಮಯ ಲೋಹವದು. 44.5 ಡಿಗ್ರಿಯಲ್ಲಿ ನಿಕ್ಕಲ್‌ನ ಅಗಲ ಶಿಖರ ಕಂಡೇ ಕಾಣುತ್ತದೆ. ಅದರ ಆಚೀಚೆ ಮೂಲ ಮಿಶ್ರಲೋಹದ ಗೆರೆಗಳು ಉಳಿದಿದ್ದರೆ ಕ್ಷಾರ ಒಳಗಿನವರೆಗೆ ಹೋಗಿಲ್ಲ. ಒಂದು ಎಚ್ಚರಿಕೆ: ಒಣಗಿದರೆ ಇದು ಗಾಳಿಯಲ್ಲಿ ತಾನಾಗಿ ಹೊತ್ತಿಕೊಳ್ಳುತ್ತದೆ. ಒಣ ಪುಡಿ ಬೇಕೆಂದು ಹಟ ಹಿಡಿಯಬೇಡಿ.

ನನಗೆ ಅತ್ಯಂತ ಪ್ರಿಯವಾದ ನಕ್ಷೆಯಲ್ಲಿ ಮುಖ್ಯ ಪಾತ್ರವೇ ಕಾಣುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲರು ಬೆಳೆಸಿದ ದಹನ ವಿಧಾನದಲ್ಲಿ ಲವಣಗಳ ದ್ರಾವಣ ಇಂಧನದೊಂದಿಗೆ ಭುಗ್ಗನೆ ಉರಿದು ಆಕ್ಸೈಡ್ ಪುಡಿಯಾಗುತ್ತದೆ. ಎಂ.ಎಸ್. ಹೆಗಡೆಯವರ ಗುಂಪು ಹೀಗೆ ಸೀರಿಯಾದ (ಸೀರಿಯಂ ಆಕ್ಸೈಡಿನ) ಒಳಗೆ ಪಲ್ಲಾಡಿಯಂ ಸೇರಿಸಿತು. ನಕ್ಷೆಯಲ್ಲಿ 28.5, 33, 47.5 ಡಿಗ್ರಿಗಳಲ್ಲಿ ಸೀರಿಯಾ ಇದೆ, 40.1ರಲ್ಲಿ ಬಯಲು. ಪಲ್ಲಾಡಿಯಂ ಎಲ್ಲಿ ಹೋಯಿತು? ಪ್ರಮಾಣ ಅತಿ ಕಡಿಮೆಯಿದ್ದರೂ, ಕಣಗಳು ತೀರಾ ಸಣ್ಣವಾದರೂ ಶಿಖರ ಅಡಗಬಹುದು. ಆದ್ದರಿಂದ ಈ ಬಯಲನ್ನು ಕಂಡು ಸಂಭ್ರಮಿಸುವ ಮೊದಲು ಇನ್ನೊಂದು ಸಾಕ್ಷಿ ಕೇಳಬೇಕು. ಆ ಗುಂಪಿನ 2002ರ ಅಧ್ಯಯನ ಎಕ್ಸ್‌ಪಿಎಸ್ ಮತ್ತು ಎಕ್ಸಾಫ್ಸ್ ಎರಡನ್ನೂ ಕರೆದು ತಂದಿತು. ಪರಮಾಣು ಲೋಹವಾಗಿದೆಯೋ ಅಯಾನಾಗಿದೆಯೋ ಎಂಬುದನ್ನು ಮೊದಲನೆಯದು ತೋರಿಸುತ್ತದೆ. ಎಕ್ಸಾಫ್ಸ್‌ಗೆ ಹರಳಿನ ಉದ್ದನೆಯ ಸಾಲು ಬೇಡ. ಒಂದು ಪರಮಾಣುವಿನ ನೆರೆಯಲ್ಲಿ ಯಾರು, ಎಷ್ಟು ದೂರದಲ್ಲಿ ಎಂಬುದನ್ನಷ್ಟೇ ಹೇಳುತ್ತದೆ. ಲೋಹದಲ್ಲಾದರೆ ಪಲ್ಲಾಡಿಯಂಗೆ 0.275 ನ್ಯಾನೊಮೀಟರ್ ದೂರದಲ್ಲಿ ಇನ್ನೊಂದು ಪಲ್ಲಾಡಿಯಂ ಇರುತ್ತದೆ. ಇಲ್ಲಿ ಅದು ಅಯಾನಾಗಿ, ಆಕ್ಸಿಜನ್ ಸುತ್ತುವರಿದು, ಸೀರಿಯಾದ ಜಾಲದೊಳಗೇ ಕುಳಿತಿತ್ತು.

ಎಕ್ಸಾಫ್ಸ್‌ಗೆ ಸಾಮಾನ್ಯವಾಗಿ ಸಿಂಕ್ರೊಟ್ರಾನ್ ಬೆಳಕು ಬೇಕು. ನಮ್ಮ ದೇಶದಲ್ಲಿ ಅದಕ್ಕೆ ಇಂದೋರಿನ ಇಂಡಸ್-2 ಇದೆ. ಅಲ್ಲಿಯವರೆಗೆ ಹೋಗುವ ಮೊದಲು ಲ್ಯಾಬಿನಲ್ಲೇ ಒಂದು ಕೆಲಸ ಮಾಡಿ. ಹೊಸ ಮತ್ತು ಬಳಸಿದ ಪಲ್ಲಾಡಿಯಂ-ಕಾರ್ಬನ್ ಎರಡಕ್ಕೂ 35ರಿಂದ 50 ಡಿಗ್ರಿವರೆಗೆ ನಿಧಾನದ ಸ್ಕ್ಯಾನ್ ಹಾಕಿಸಿ. ಸಾಫ್ಟ್‌ವೇರ್ ನುಣುಪು ಮಾಡಿದ ಗೆರೆ ಬೇಡ, ಕಚ್ಚಾ ದತ್ತಾಂಶ ಕೇಳಿ, ಒಂದರ ಮೇಲೊಂದಿಟ್ಟು ನೋಡಿ.